ಗಾಳಿ ಕರೆತಂದವರ ಊರು

ಮಂಗಳೂರಿಗೆ ಹೊರಟವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ: ಮೀನೂಟ ಎಲ್ಲಿ ಚೆನ್ನ, ಪಣಂಬೂರು ಕಿನಾರೆ ಎಷ್ಟು ದೂರ, ಯಾವ ತಿಂಗಳು ಹೋಗುವುದು ಒಳ್ಳೆಯದು? ಮೂರನೆಯ ಪ್ರಶ್ನೆ ಬಹಳ ಹಳೆಯದು. ಹಾಯಿಹಡಗಿನ ಕಾಲದಲ್ಲಿ ನೈಋತ್ಯ ಮಾರುತದ ಕೊನೆಯ ಗಾಳಿ ಹಿಡಿದು ಅರಬ್ ವರ್ತಕರು ಇತ್ತ ಬರುತ್ತಿದ್ದರು. ಚಳಿಗಾಲದ ಈಶಾನ್ಯ ಗಾಳಿ ಅವರನ್ನು ಮರಳಿ ಒಯ್ಯುತ್ತಿತ್ತು. ಗಾಳಿ ತಿರುಗುವ ತನಕ ಕಾಯಬೇಕಾದವರು ಇಲ್ಲಿ ಮನೆ ಮಾಡಿದರು. ಕೆಲವರು ಸಂಸಾರ ಹೂಡಿ ನೆಲೆಸಿದರು.

ಅಂಥವರಲ್ಲಿ ಒಬ್ಬ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು. 1132ರ ಹೊತ್ತಿಗೆ ಇಲ್ಲಿದ್ದ ಅವನು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಅಶು ಎಂಬ ಇಲ್ಲಿನ ದಾಸಿಯನ್ನು ಬಂಧಮುಕ್ತಗೊಳಿಸಿ ಅವಳೊಡನೆ ಬಾಳಿದ. 1149ರಲ್ಲಿ ಏಡನ್‌ಗೆ ಮರಳಿದ. ಅವನ ಕಾಗದಪತ್ರಗಳು ಕೈರೋ ನಗರದ ಹಳೆಯ ಯಹೂದಿ ಮಂದಿರದಲ್ಲಿ ದೊರೆತವು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಏಡನ್‌ನ ಮುಸ್ಲಿಮ್ ಮತ್ತು ಯಹೂದಿ ವರ್ತಕರ ಹಡಗುಗಳಲ್ಲಿ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು.

ಸುಮಾರು ಇನ್ನೂರು ವರ್ಷಗಳ ನಂತರ, 1340ರ ದಶಕದಲ್ಲಿ, ಇಬ್ನ್ ಬತೂತಾ ಬಂದ. 'ಮಂಜರೂರ್'ನಲ್ಲಿ ಪರ್ಷಿಯಾ ಮತ್ತು ಯಮನ್‌ನ ವರ್ತಕರನ್ನು, ಹೇರಳವಾದ ಮೆಣಸು, ಶುಂಠಿಯನ್ನು ಕಂಡ. ಊರ ಬದಿಯ ಕೇರಿಯಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದರೆಂದು ಬರೆದ. ಅವನು ದಾಖಲಿಸಿದ ಇನ್ನೊಂದು ಮಾತು ಹೆಚ್ಚು ಮುಖ್ಯ: ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು, ವರ್ತಕರು ತನಗೆ ಬೇಕೆಂದು ಅರಸ ರಾಜಿ ಮಾಡಿಸುತ್ತಿದ್ದ. ಅಂದರೆ ಸೌಹಾರ್ದ ಎಂಬುದು ಇಲ್ಲಿ ತಾನಾಗಿ ಇದ್ದದ್ದಲ್ಲ. ಅದನ್ನು ಯಾರೋ ಕಾಯುತ್ತಿದ್ದರು.

ಮೀನು ಸಾರಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿಯೂ ಪರಸ್ಥಳದ್ದೇ. ಅಮೆರಿಕದ ಆ ಬೆಳೆಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ಇಲ್ಲಿ ಖಾರವೆಂದರೆ ಕರಿಮೆಣಸು. ಕಡಲ ಮೇಲೆ ಅರಬ್ ವರ್ತಕರನ್ನು ಕಾಡಿದವರ ಸರಕು ಬ್ಯಾರಿಗಳ ಅಡುಗೆಮನೆಗೂ ಬಂತು, ಮೊಗವೀರರ ಅಡುಗೆಮನೆಗೂ ಬಂತು. ಬ್ಯಾರಿಗಳ ಪತ್ತಿರ್, ಬಂಟರ ಕೋರಿರೊಟ್ಟಿ ಎರಡಕ್ಕೂ ಬೇಕಾದದ್ದು ಅದೇ ಅಕ್ಕಿ. ತುಳು, ಮಲಯಾಳ, ಅರಬಿ ಪದಗಳು ಕಲೆತ ಬ್ಯಾರಿ ಭಾಷೆಯೂ ಇಂಥದೇ ಒಂದು ಪಾಕ.

ಬಂದವರೆಲ್ಲ ವ್ಯಾಪಾರಕ್ಕೇ ಬಂದರೆಂದಲ್ಲ. ಶತ್ರು ಹಡಗುಗಳು ಗುರುಪುರ ಹೊಳೆಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ ಬೋಳೂರಿನಲ್ಲಿ ಕರಿಕಲ್ಲಿನ ಕಾವಲುಕೋಟೆ ಕಟ್ಟಿಸಿದ. ಅದೇ ಸುಲ್ತಾನ್ ಬತ್ತೇರಿ. ಹೊಳೆಯ ಆಚೆ ದಡದಲ್ಲಿ ತಣ್ಣೀರುಬಾವಿಯ ಮರಳು ಕಾಣುತ್ತದೆ.

ಮಳೆಗಾಲಕ್ಕೆ ಇಂದಿಗೂ ಇಲ್ಲಿ ಆಜ್ಞೆ ಮಾಡುವ ಅಧಿಕಾರವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಮನೆಗಳಲ್ಲಿ ಒಣಮೀನು, ಕೆಸುವಿನ ಎಲೆಯ ಪತ್ರೊಡೆ. ಆ ದಿನಗಳಲ್ಲಿ ಹೋದವರು ನೀರಿಗಿಳಿಯದೆ ದಡದಲ್ಲೇ ನಿಂತು ಕಡಲನ್ನು ನೋಡಬೇಕು.

ಯಾರು ಇಲ್ಲಿಯವರು, ಯಾರು ಹೊರಗಿನವರು ಎಂದು ಕರಾವಳಿಯಲ್ಲಿ ಈಚೆಗೆ ಗಟ್ಟಿಯಾಗಿ ಕೇಳಲಾಗುತ್ತಿದೆ. ಕೇಳುವವರು ಊಟಕ್ಕೆ ಕೂತಾಗ ಒಮ್ಮೆ ತಮ್ಮ ತಟ್ಟೆಯನ್ನು ನೋಡಲಿ. ಸುಮಾರು ಏಳು ಶತಮಾನಗಳ ಹಿಂದಿನ ಅರಸನಿಗೆ ತಿಳಿದಿದ್ದ ಲೆಕ್ಕ ಸರಳವಾಗಿತ್ತು: ಬರುವವರು ಹೆದರಿ ನಿಂತರೆ ಬಂದರು ಬಡವಾಗುತ್ತದೆ.