ಚಿಕೋರಿ

ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ, ನೀಲಿ ಹೂ ಬಿಡುವ ಬಹುವಾರ್ಷಿಕ ಸಸ್ಯ. ಶಾಸ್ತ್ರೀಯ ಹೆಸರು ಸಿಕೋರಿಯಂ ಇಂಟಿಬಸ್. ಮೂಲ ನೆಲೆ ಯುರೋಪ್, ಪಶ್ಚಿಮ ಏಷ್ಯ, ಉತ್ತರ ಆಫ್ರಿಕ. ಕನ್ನಡಿಗರಲ್ಲಿ ಹೆಚ್ಚಿನವರಿಗೆ ಇದು ಕಾಫಿಪುಡಿಯಲ್ಲಿ ಬೆರೆತ ಕಂದು ಪುಡಿಯಾಗಿಯಷ್ಟೇ ಗೊತ್ತು. ಆದರೆ ಬೇರನ್ನು ಹುರಿದು ಕುಡಿಯುವ ರೂಢಿ ವ್ಯಾಪಕವಾದದ್ದು 18ನೆಯ ಶತಮಾನದಿಂದೀಚೆಗೆ. ಸೊಪ್ಪಿಗಾಗಿ ಬೆಳೆಸುವುದು ಅದಕ್ಕಿಂತ ಬಹಳ ಹಳೆಯದು. ರೋಮನ್ ಕವಿ ಹೊರೇಸ್ ತನ್ನ ಬಡ ಊಟವನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುವಾಗ ಆಲಿವ್ ಜೊತೆ ಈ ಸೊಪ್ಪನ್ನೂ ಹೆಸರಿಸುತ್ತಾನೆ. ಯುನಾನಿ ವೈದ್ಯರು ಇದನ್ನು ಕಾಸನಿ ಎಂದು ಕರೆದು, ಬೀಜ ಬೇರುಗಳನ್ನು ಯಕೃತ್ತಿನ ತೊಂದರೆಗೆ ಕೊಡುತ್ತಾರೆ.

ತೋಟಗಾರನಿಗೆ ಎದುರಾಗುವ ತೊಡಕು ಕಹಿ. ಬೆಳಕು ತಾಗಿ ಹಸಿರೇರಿದ ಎಲೆಯಲ್ಲಿ ಅದು ಹೆಚ್ಚು. ಹಾಗಾಗಿ ಯುರೋಪಿನವರು ಗಿಡವನ್ನು ಕತ್ತಲೆಗೆ ನೂಕಿದರು. ಬೇಸಿಗೆಯಲ್ಲಿ ಬೆಳೆದ ಗಡ್ಡೆಬೇರನ್ನು ಚಳಿಗಾಲಕ್ಕೆ ಮುಂಚೆ ಅಗೆದು, ಸೊಪ್ಪು ಕೊಯ್ದು, ನೆಲಮಾಳಿಗೆಯ ಮಣ್ಣಲ್ಲಿ ನೆಟ್ಟಗೆ ಹೂಳಿಟ್ಟರೆ ಕೆಲವೇ ವಾರಗಳಲ್ಲಿ ಬಾಳೆಯ ಸುಳಿಯಂತೆ ಬಿಗಿಯಾಗಿ ಸುತ್ತಿಕೊಂಡ ಬಿಳಿ ಮೊಗ್ಗು ಏಳುತ್ತದೆ. 1850ರ ಸುಮಾರಿಗೆ ಬ್ರಸೆಲ್ಸಿನ ಸಸ್ಯೋದ್ಯಾನದ ಮುಖ್ಯ ತೋಟಗಾರ ಬ್ರೆಸಿಯೆ ಈ ಕ್ರಮವನ್ನು ಹದಕ್ಕೆ ತಂದನೆನ್ನುತ್ತಾರೆ. ಬೆಲ್ಜಿಯಂ ಇಂದಿಗೂ ವಿಟ್ಲೂಫ್ ಎಂಬ ಈ ತರಕಾರಿಯನ್ನು ತನ್ನದೆಂದೇ ಬೀಗುತ್ತದೆ. ಇಟಲಿಯ ಟ್ರೆವಿಸೊದ ಕೆಂಪು ರಾಡಿಕ್ಕಿಯೊ ಕೂಡ ಇದೇ ಜಾತಿಯದು.

ಬೇರಿನ ಕಹಿಗೆ ಮದ್ದು ಬೆಂಕಿ. ಒಣಗಿಸಿ ಹುರಿದಾಗ ಅದರಲ್ಲಿರುವ ಇನುಲಿನ್ ಎಂಬ ಶರ್ಕರಪಿಷ್ಟ ಕಂದಾಗಿ, ಸುಟ್ಟ ಬೆಲ್ಲದ ಘಮ ಬರುತ್ತದೆ. ಕೆಫೀನ್ ಮಾತ್ರ ಲವಲೇಶವೂ ಇಲ್ಲ. ಈ ಪೇಯವನ್ನು ಬೆಳೆಸಿದ್ದು ರುಚಿಗಿಂತ ರಾಜಕೀಯವೆನ್ನಬೇಕು: ಪ್ರಷ್ಯದ ಎರಡನೆಯ ಫ್ರೆಡರಿಕ್ ಹಣ ಹೊರಹೋಗುತ್ತದೆಂದು ಕಾಫಿಯನ್ನು ನಿರ್ಬಂಧಿಸಿದ, 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ಸರಕಿಗೆ ಬಾಗಿಲು ಮುಚ್ಚಿದ. ಎರಡೂ ಕಡೆ ಬರಿದಾದ ಬಟ್ಟಲಿಗೆ ಚಿಕೋರಿ ಬಂತು. 1850ರ ದಶಕದ ಇಂಗ್ಲೆಂಡಿನಲ್ಲಿ ಇದು ಕಲಬೆರಕೆಯೋ ಬೆರಕೆಯೋ ಎಂಬ ಜಗಳ ಸರ್ಕಾರದವರೆಗೂ ಹೋಯಿತು.

ಭಾರತದಲ್ಲಿ ಇದನ್ನು ಬೆಳೆಯುವುದು ಕಾಫಿ ನಾಡಿನಲ್ಲಲ್ಲ, ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ, ಹಿಂಗಾರು ಬೆಳೆಯಾಗಿ. ದಕ್ಷಿಣದವರು ಡಿಕಾಕ್ಷನ್ ಗಟ್ಟಿಯಾಗಿ ಇಳಿಯಲೆಂದು ಬೆರೆಸುತ್ತಾರೆ; ಅಗ್ಗವೆಂಬುದೂ ಕಾರಣವೇ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು.