ಮೇಜಿನ ಮೇಲೆ ಶ್ರೀರಂಗಪಟ್ಟಣದ ಮುತ್ತಿಗೆ

1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸೀಸದ ಸೈನಿಕರಿಂದ ಆಟವಾಗಿ ಹೂಡಲೆಳಸುವ ಮಹನೀಯರು ಕೋಟೆಗಿಂತ ಮೊದಲು ಕಾವೇರಿಯನ್ನು ರಚಿಸತಕ್ಕದ್ದು. ಮೇ 4ರ ಮಧ್ಯಾಹ್ನ ಸೇನಾನಿ ಬೇರ್ಡನ ನಾಲ್ಕು ಸಾವಿರಕ್ಕೂ ಮಿಕ್ಕ ದಂಡು ಹೊಳೆ ಹಾಯ್ದು, ಫಿರಂಗಿಗಳು ಕೆಡವಿದ್ದ ವಾಯುವ್ಯದ ಕಂಡಿಯನ್ನು ಕೆಲವೇ ನಿಮಿಷಗಳಲ್ಲಿ ಏರಿತು. ಮಳೆಗಾಲದ ಪ್ರವಾಹ ಬಂದಿದ್ದರೆ ಆ ಹಾದಿಯೇ ಇರುತ್ತಿರಲಿಲ್ಲ. ಹ್ಯಾರಿಸನ ಪಾಳೆಯದಲ್ಲಿ ಅಕ್ಕಿಯೂ ತೀರುತ್ತಿದ್ದಿತು. ಆದುದರಿಂದ ದಿನಕ್ಕೊಮ್ಮೆ ಹೊಳೆಯ ಹೆಸರಿನಲ್ಲಿ ದಾಳ ಉರುಳಲಿ, ಮುತ್ತಿದವರ ಕಾಳು ಒಂದೊಂದಾಗಿ ಕಡಮೆಯಾಗಲಿ. ಆಗ ಟಿಪ್ಪುವಿನ ಪಕ್ಷ ವಹಿಸಿದವನಿಗೂ ಗೆಲ್ಲುವ ಆಸೆಯುಂಟು. ಮೀರ್ ಸಾದಿಕನ ದ್ರೋಹಕ್ಕೆಂದು ಚೀಟಿಯೊಂದನ್ನಿಡುವುದು ನನಗೆ ಸಮ್ಮತವಲ್ಲ. ಚೀಟಿಯಿಂದಲೇ ಕೋಟೆ ಬಿದ್ದರೆ ಆಡುವುದೇನು? ಕಂಡಿಯಾಚೆ ನೀರು ತುಂಬಿದ ಒಳಕಂದಕವೂ ಎರಡನೆಯ ಗೋಡೆಯೂ ಇದ್ದುವು. ದಾಳಿಕಾರರು ಅಲ್ಲಿ ತಡೆದು ನಿಂತು, ಕೆಲಸಗಾರರು ಬಿಟ್ಟಿದ್ದ ಕಿರುದಾರಿಯೊಂದರಿಂದ ದಾಟಿದರು. ಆ ದಾರಿಯನ್ನು ಮೊದಲೇ ತೋರಿಸಬೇಡಿ, ಆಟಗಾರರೇ ಹುಡುಕಲಿ.