ಉಂಗುರ ಎಣಿಸೋಕೆ ಮುಂಚೆ – ಭಾಗ 3: ಸೋತವನ 42 ಪಾಯಿಂಟ್

ನಿಮ್ಮಲ್ಲಿ ಎಷ್ಟು ಜನರ ಹತ್ರ ಎನ್‌ಬಿಎ ಲೋಗೋ ಇರೋ ಟೀ ಶರ್ಟ್ ಇದೆ? ಕೆಂಪು, ನೀಲಿ ಮಧ್ಯೆ ಚೆಂಡು ತಟ್ಟಿಕೊಂಡು ಹೋಗ್ತಿರೋ ಆ ಬಿಳಿ ಆಕೃತಿ. ಲೀಗ್ ಅಧಿಕೃತವಾಗಿ ಇವತ್ತಿಗೂ ಒಪ್ಪಿಕೊಂಡಿಲ್ಲ, ಆದರೆ ಅದನ್ನ ಮಾಡಿದ ಡಿಸೈನರ್ ಅಲನ್ ಸೀಗಲ್ ಹೇಳಿದ್ದಾರೆ: ಅದು ಜೆರ್ರಿ ವೆಸ್ಟ್.

ಆ ಮನುಷ್ಯ ಒಂಬತ್ತು ಸಲ ಫೈನಲ್ಸ್ ಆಡಿದ. ಎಂಟು ಸಲ ಸೋತ.

ಮೊನ್ನೆ ಕ್ಯಾಂಟೀನಲ್ಲಿ ಶುರುವಾದ ಜಗಳ ನಿಮಗೆ ನೆನಪಿರಬೇಕು. ಜೋರ್ಡನ್ ಆರಕ್ಕೆ ಆರು, ಲೆಬ್ರಾನ್ ಹತ್ತಕ್ಕೆ ನಾಲ್ಕು, ಮಾತು ಮುಗೀತು ಅಂತ ಒಬ್ಬ ಟೇಬಲ್ ಗುದ್ದಿದ. ಸರಿ ಗುರು, ಬರೀ ಉಂಗುರ ಎಣಿಸೋದಾದ್ರೆ ಇಬ್ಬರೂ ಪಕ್ಕಕ್ಕೆ ನಿಲ್ಲಲಿ, 13 ಸೀಸನ್ನಲ್ಲಿ 11 ಗೆದ್ದ ಬಿಲ್ ರಸೆಲ್ ಬರಲಿ. ಆಗ ಎಲ್ಲರೂ ಸುಮ್ಮನಾಗ್ತಾರೆ. ಯಾಕಂದ್ರೆ ಲೆಕ್ಕ ಬೇಕಾದಾಗ ಮಾತ್ರ ಉಂಗುರ, ಬೇಡವಾದಾಗ ಸರಾಸರಿ.

ಹಾಗಾಗಿ ಇವತ್ತು ಒಂದೇ ಸರಣಿ ಪೂರ್ತಿ ನೋಡೋಣ. 1969ರ ಫೈನಲ್ಸ್. ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ ಲಾಸ್ ಏಂಜಲೀಸ್ ಲೇಕರ್ಸ್.

ಆ ವರ್ಷ ಬಾಸ್ಟನ್ ವಯಸ್ಸಾದ ಟೀಮು. ತಮ್ಮ ವಿಭಾಗದಲ್ಲಿ ನಾಲ್ಕನೇ ಸ್ಥಾನ. ರಸೆಲ್ ಆಟಗಾರನೂ ಅವನೇ, ಕೋಚೂ ಅವನೇ. ಆ ಕಡೆ ಲೇಕರ್ಸ್‌ನಲ್ಲಿ ವೆಸ್ಟ್, ಎಲ್ಜಿನ್ ಬೇಲರ್, ಜೊತೆಗೆ ಹೊಸದಾಗಿ ಬಂದ ವಿಲ್ಟ್ ಚೇಂಬರ್ಲೇನ್. ಬೇಲರ್ ಅಂದ್ರೆ 1962ರ ಫೈನಲ್ಸ್‌ನ ಒಂದೇ ಪಂದ್ಯದಲ್ಲಿ 61 ಹೊಡೆದವನು. ಚೇಂಬರ್ಲೇನ್ ಅಂದ್ರೆ ಒಂದಿಡೀ ಸೀಸನ್ 50.4 ಸರಾಸರಿ ಇಟ್ಟವನು. ಕಾಗದದ ಮೇಲೆ ಇದು ಪಂದ್ಯವೇ ಅಲ್ಲ.

ಮೊದಲ ಪಂದ್ಯದಲ್ಲಿ ವೆಸ್ಟ್ 53. ಎರಡನೇದರಲ್ಲಿ 41. ಲೇಕರ್ಸ್ 2-0. ಬಾಸ್ಟನ್ ಮೂರನೇದು ಗೆದ್ದು, ನಾಲ್ಕನೇದನ್ನ ಸ್ಯಾಮ್ ಜೋನ್ಸ್ ಕೊನೇ ಕ್ಷಣದಲ್ಲಿ ಎಸೆದ ಚೆಂಡಿನಿಂದ 89-88ಕ್ಕೆ ಕಿತ್ಕೊಂಡಿತು. ಐದನೇದು ಲೇಕರ್ಸ್‌ಗೆ. ಆದರೆ ಅದೇ ಪಂದ್ಯದ ಕೊನೆಯಲ್ಲಿ ವೆಸ್ಟ್‌ನ ತೊಡೆಯ ಹಿಂದಿನ ಸ್ನಾಯು ಎಳೀತು. ಆರನೇದು ಮತ್ತೆ ಬಾಸ್ಟನ್‌ಗೆ. 3-3.

ಏಳನೇ ಪಂದ್ಯ, ಮೇ 5, ಲೇಕರ್ಸ್ ಮನೆಯಂಗಳದಲ್ಲೇ. ಗೆದ್ದಾಗ ಉದುರಿಸೋಕೆ ಅಂತ ಮಾಲೀಕ ಜ್ಯಾಕ್ ಕೆಂಟ್ ಕುಕ್ ಸಾವಿರಾರು ಬಲೂನು ಚಾವಣಿಗೆ ಕಟ್ಟಿಸಿದ್ದ. (ಮದುವೆಗೆ ಮುಂಚೆ ತೊಟ್ಟಿಲು ಕಟ್ಟೋದು ಅಂದ್ರೆ ಇದೇ.) ನಾಲ್ಕನೇ ಕ್ವಾರ್ಟರ್‌ನಲ್ಲಿ ಬಾಸ್ಟನ್ 17 ಪಾಯಿಂಟ್ ಮುಂದೆ. ಐದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿರುವಾಗ ಚೇಂಬರ್ಲೇನ್ ಮೊಣಕಾಲು ನೋವು ಅಂತ ಹೊರಗೆ ಬಂದ. ಆಮೇಲೆ ವಾಪಸ್ ಹೋಗ್ತೀನಿ ಅಂದ್ರೂ ಕೋಚ್ ಬುಚ್ ವ್ಯಾನ್ ಬ್ರೆಡಾ ಕೋಲ್ಫ್ ಒಪ್ಪಲಿಲ್ಲ. ಒಂದು ಕಾಲು ಸರಿಯಿಲ್ಲದ ವೆಸ್ಟ್ ಟೀಮನ್ನ ಎಳಕೊಂಡು ಎಳಕೊಂಡು ಬಂದ. ಅಂತರ ಒಂದಕ್ಕಿಳೀತು. ಆಗ ಡಾನ್ ನೆಲ್ಸನ್ ಎಸೆದ ಚೆಂಡು ರಿಂಗ್‌ಗೆ ಬಡಿದು, ಮೇಲೆ ಹಾರಿ, ನೇರ ಒಳಗೆ ಬಿತ್ತು. 108-106. ಬಲೂನು ಚಾವಣಿಯಲ್ಲೇ ಉಳೀತು.

ವೆಸ್ಟ್: 42 ಪಾಯಿಂಟ್, 13 ರಿಬೌಂಡ್, 12 ಅಸಿಸ್ಟ್. ಸೋತ.
ರಸೆಲ್: 6 ಪಾಯಿಂಟ್, 21 ರಿಬೌಂಡ್. ಗೆದ್ದ.

ಇಲ್ಲಿ ಸ್ವಲ್ಪ ನಿಲ್ಲಿ. ರಸೆಲ್‌ನ 6 ನೋಡಿ ನಗಬೇಡಿ. ಲೀಗ್ ಬ್ಲಾಕ್ ಮತ್ತು ಸ್ಟೀಲ್ ಲೆಕ್ಕ ಇಡೋಕೆ ಶುರು ಮಾಡಿದ್ದೇ 1973-74ರಲ್ಲಿ. ಅಂದ್ರೆ ರಸೆಲ್ ಮಾಡ್ತಿದ್ದ ಅಸಲಿ ಕೆಲಸ ಯಾವ ಪಟ್ಟಿಯಲ್ಲೂ ಇಲ್ಲ. ನಿರ್ಣಾಯಕ ಕೊನೇ ಪಂದ್ಯ ಅಂತ ಬಂದಾಗೆಲ್ಲ ಏಳನೇದಿರಲಿ, ಐದನೇದಿರಲಿ, ಅವನು ಆಡಿ ಸೋತಿದ್ದೇ ಇಲ್ಲ. ಹಾಗಂತ ಆ 11 ಉಂಗುರವನ್ನ ಈಗಿನದಕ್ಕೆ ನೇರ ತೂಗೋಕೂ ಆಗಲ್ಲ. ಆಗ ಹೆಚ್ಚಿನ ವರ್ಷ ಲೀಗಲ್ಲಿ ಎಂಟೊಂಬತ್ತೇ ಟೀಮು. ವಿಭಾಗದಲ್ಲಿ ಮೊದಲು ಬಂದ್ರೆ ಎಷ್ಟೋ ವರ್ಷ ಎರಡೇ ಸರಣಿ ಗೆದ್ದು ಚಾಂಪಿಯನ್. ಈಗ ನಾಲ್ಕು ಸರಣಿ, 16 ಗೆಲುವು ಬೇಕು.

ಸರಾಸರಿ ಹಿಡ್ಕೊಂಡು ಕೂತ್ರೂ ಇದೇ ಕಥೆ. ಜೋರ್ಡನ್ ಮತ್ತು ಚೇಂಬರ್ಲೇನ್ ಇಬ್ಬರದೂ ಸೀಸನ್ ಸರಾಸರಿ 30.1. ಪ್ಲೇಆಫ್‌ನಲ್ಲಿ ಜೋರ್ಡನ್ 33.4ಕ್ಕೆ ಏರಿದ, ಚೇಂಬರ್ಲೇನ್ 22.5ಕ್ಕೆ ಇಳಿದ. ಅದಕ್ಕೇ ‘ದೊಡ್ಡ ಪಂದ್ಯದಲ್ಲಿ ಹೆದರ್ತಿದ್ದ’ ಅನ್ನೋ ಹಣೆಪಟ್ಟಿ. ಆದರೆ ಅವನ 160 ಪ್ಲೇಆಫ್ ಪಂದ್ಯಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕೊನೆಯ ಐದು ವರ್ಷದ್ದು, ಅವನು ಪಾಯಿಂಟ್ ಬಿಟ್ಟು ರಿಬೌಂಡ್, ಡಿಫೆನ್ಸ್ ಕಡೆ ತಿರುಗಿದ ಮೇಲಿಂದು. ಇಳಿದಿದ್ದು ನಿಜ. ಅಷ್ಟು ಇಳಿದಿದ್ದು ಮಾತ್ರ ಪೂರ್ತಿ ನಿಜ ಅಲ್ಲ. ವೆಸ್ಟ್ 27.0ರಿಂದ 29.1ಕ್ಕೆ ಏರಿದವನು. 1965ರಲ್ಲಿ ಬಾಲ್ಟಿಮೋರ್ ವಿರುದ್ಧ ಆರು ಪಂದ್ಯದ ಸರಣಿಯಲ್ಲಿ 46.3 ಸರಾಸರಿ. ಮೂರು ಪಾಯಿಂಟ್ ಗೆರೆ ಬಂದಿದ್ದು 1979-80ರಲ್ಲಿ, ನೆನಪಿರಲಿ.

ಜೋರ್ಡನ್ ಕೂಡ ಬಾಸ್ಟನ್ ವಿರುದ್ಧ 63 ಹೊಡೆದ 1986ರ ಪಂದ್ಯ ಸೋತಿದ್ದ. ಆ ಪಂದ್ಯವನ್ನ ಮಾತ್ರ ಎಲ್ಲರೂ ಹೊಗಳ್ತಾರೆ, ಯಾಕಂದ್ರೆ ಆಮೇಲೆ ಆರು ಉಂಗುರ ಬಂತು. ಲೆಬ್ರಾನ್ 2015ರ ಫೈನಲ್ಸ್‌ನಲ್ಲಿ 35.8 ಪಾಯಿಂಟ್, 13.3 ರಿಬೌಂಡ್, 8.8 ಅಸಿಸ್ಟ್ ಸರಾಸರಿ ಇಟ್ಟ. ಕೆವಿನ್ ಲವ್ ಮೊದಲೇ ಗಾಯಾಳು, ಕೈರಿ ಅರ್ವಿಂಗ್ ಮೊದಲ ಪಂದ್ಯದಲ್ಲೇ ಔಟ್. ಸೋತ, ಎಂವಿಪಿ ಆಂಡ್ರೆ ಇಗುಡಾಲಾಗೆ ಹೋಯ್ತು, 7-4 ಮತ. ನನ್ನ ಪ್ರಕಾರ ಅದು ಲೆಬ್ರಾನ್‌ದಾಗಬೇಕಿತ್ತು. ಬೈಯೋರು ಬೈಯ್ಕೊಳ್ಳಿ.

ಇದನ್ನೆಲ್ಲ ಬರೆಯೋಕೆ ಕಾರಣ ನಮ್ಮದೇ ಇಂಟರ್‌ಕಾಲೇಜ್ ಫೈನಲ್. ನಮ್ಮ ಅರ್ಧಕ್ಕರ್ಧ ಪಾಯಿಂಟ್ ಹೊಡೆದವನು ಕೊನೇ ಫ್ರೀ ಥ್ರೋ ತಪ್ಪಿಸಿದ. ಬಸ್ಸಲ್ಲಿ ವಾಪಸ್ ಬರುವಾಗ ಅವನ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ.

1969ರಲ್ಲೇ ಮೊದಲ ಸಲ ಫೈನಲ್ಸ್ ಎಂವಿಪಿ ಕೊಟ್ಟಿದ್ದು. ಕೊಟ್ಟಿದ್ದು ಸೋತ ವೆಸ್ಟ್‌ಗೆ, ಬಹುಮಾನ ಒಂದು ಕಾರು. ರಸೆಲ್ ಆ ಸರಣಿ ಮುಗಿಸಿ ನಿವೃತ್ತನಾದ, ಆ ಪ್ರಶಸ್ತಿ ಅವನಿಗೆ ಸಿಗಲೇ ಇಲ್ಲ. 2009ರಿಂದ ಅದಕ್ಕೆ ಅವನದೇ ಹೆಸರು. ವೆಸ್ಟ್‌ನ ಒಂದೇ ಉಂಗುರ ಬಂದಿದ್ದು 1972ರಲ್ಲಿ, ಶಾಟ್ ಬೀಳದೆ ಒದ್ದಾಡಿದ, ಸರಾಸರಿ 20 ಕೂಡ ಮುಟ್ಟದ ಫೈನಲ್ಸ್‌ನಲ್ಲಿ. ಬೇಲರ್ ಅದೇ ಸೀಸನ್ ಶುರುವಲ್ಲಿ ನಿವೃತ್ತನಾಗಿದ್ದ. ಅವನು ಬಿಟ್ಟ ಮುಂದಿನ ಪಂದ್ಯದಿಂದಲೇ ಲೇಕರ್ಸ್ ಸತತ 33 ಗೆದ್ದರು.

ಭಾಗ 4ರಲ್ಲಿ 1980, ಆರನೇ ಪಂದ್ಯ: 20 ವರ್ಷದ ಮ್ಯಾಜಿಕ್ ಜಾನ್ಸನ್, ಕರೀಮ್ ಇಲ್ಲದ ಲೇಕರ್ಸ್. ಕ್ಯಾಂಟೀನ್ ಗುಂಪು ರೆಡಿ ಇರ್ರಪ್ಪಾ.